ಐರ್ಲೆಂಡಿಗೊಂದು ಟೀಸಿ

ಚಲಪತಿಗೆ ಆ ಶುಕ್ರವಾರ ಇದ್ದದ್ದು ಒಂದೇ ಕೆಲಸ. ಬಂಗಾರಪೇಟೆಯ ಸ್ಕೂಲಿಗೆ ಹೋಗಿ ಹೆಣ್ಣುಮಕ್ಕಳಿಬ್ಬರ ಟೀಸಿ ತರುವುದು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ. ಅವನು ಹಾಗೆಲ್ಲ ಅಂದುಕೊಳ್ಳುವ ಮನುಷ್ಯ. ಹೆಂಡತಿಯನ್ನು ವಿಮಾನ ಹತ್ತಿಸಿದಾಗಲೂ ‘ಇನ್ನು ಮೂರು ವಾರದಲ್ಲಿ ನಾವೂ ಅಲ್ಲಿರುತ್ತೇವೆ’ ಎಂದುಕೊಂಡಿದ್ದ. ಈಗ ಮೂರು ತಿಂಗಳಾಗಿತ್ತು.

ಹೆಂಡತಿ ಸೆಲ್ವಿ ನರ್ಸು. ಐರ್ಲೆಂಡಿನ ಯಾವುದೋ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಮೊದಲು ಅವಳು ಹೋಗಿ ಮನೆ, ಸ್ಕೂಲು ನೋಡುವುದು, ಆಮೇಲೆ ಗಂಡ ಮಕ್ಕಳು ಹೊರಡುವುದು ಎಂದು ಮಾತಾಗಿತ್ತು. ಆದರೆ ಅಲ್ಲಿ ಸ್ಕೂಲಿನವರು ‘ಮನೆ ವಿಳಾಸ ಕೊಡಿ, ಸೀಟು ಕೊಡ್ತೀವಿ’ ಅನ್ನುತ್ತಿದ್ದರಂತೆ. ಮನೆ ಮಾಲೀಕರು ‘ಎಷ್ಟು ಮಕ್ಕಳು’ ಅಂತ ಕೇಳಿ ಬಾಗಿಲು ಹಾಕುತ್ತಿದ್ದರಂತೆ. ಕೊನೆಗೆ ಮಂಗಳವಾರ ಸೆಲ್ವಿ ಫೋನು ಮಾಡಿ, “ಒಂದು ಮನೆ ಸಿಕ್ಕಂಗೇನೇ. ನೀವು ಟೀಸಿ ತಗೊಂಡು ರೆಡಿಯಾಗಿರಿ,” ಅಂದಿದ್ದಳು. ನಿನ್ನೆ ಬೆಳಿಗ್ಗೆಯಿಂದ ಅವಳ ಫೋನು ಸ್ವಿಚ್ ಆಫ್.

ಫೋನು ಆಫ್ ಆಗಿರುವ ಸಂಗತಿಯನ್ನು ಚಲಪತಿ ಯಾರಿಗೂ ಹೇಳಿರಲಿಲ್ಲ. ಆದರೂ ನಂದಿದುರ್ಗದ ಚಿನ್ನದ ಗಣಿಯವರಿಗೆಂದು ಕಟ್ಟಿದ ಆ ಲೈನಿಗೆಲ್ಲ ಗೊತ್ತಾಗಿತ್ತು. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು; ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆರನೇ ಮನೆಯವರು ಸೀನುತ್ತಾರೆ.

“ಇನ್ನೂ ಸಿಗ್ಲಿಲ್ವೇನಪ್ಪ ಫೋನು?” ಬೆಳಿಗ್ಗೆ ಮಕ್ಕಳ ಜೊತೆ ಹೊರಬೀಳುತ್ತಿದ್ದಂತೆ ಪಕ್ಕದ ಮನೆಯ ಮುನಿಸ್ವಾಮಪ್ಪ ಕೇಳಿದರು. ಅವರು ಗಣಿಯ ಟೈಮ್ ಆಫೀಸಿನಲ್ಲಿದ್ದವರು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾದರೂ ಲೈನಿನಲ್ಲಿ ಯಾರು ಎಷ್ಟೊತ್ತಿಗೆ ಹೋದರು, ಎಷ್ಟೊತ್ತಿಗೆ ಬಂದರು ಎಂದು ನೋಡುವುದನ್ನು ಬಿಟ್ಟಿರಲಿಲ್ಲ.

“ಡ್ಯೂಟಿಯಾಗಿರ್ತಾಳೆ ಸಾರ್.”

“ಡ್ಯೂಟಿ ಅಲ್ಲ ಕಣಪ್ಪ, ಮಂಜು. ಅಲ್ಲಿ ಮಂಜು ಬಿದ್ರೆ ಫೋನು ಕೆಲ್ಸ ಮಾಡಾಕಿಲ್ಲ. ನಮ್ಮ ಗಣಿ ದೊರೆಗಳೆಲ್ಲ ಆ ಕಡೆಯೋರೇ ತಾನೆ, ನಂಗೆ ಗೊತ್ತಿಲ್ವಾ. ಟೀಸಿಗೆ ತಾನೆ ಓಯ್ತಿರೋದು? ತಡಿ, ನಾನೂ ಬತ್ತೀನಿ. ಫಾರಿನ್ ಟೀಸಿ ಅಂದ್ರೆ ಉಸಾರಾಗಿ ಬರೆಸ್ಬೇಕು.”

ಬೇಡ ಎನ್ನಲು ಚಲಪತಿ ಬಾಯಿ ತೆರೆದ. ಅಷ್ಟರಲ್ಲಿ ಮುನಿಸ್ವಾಮಪ್ಪ ಚಪ್ಪಲಿ ಮೆಟ್ಟಿಯಾಗಿತ್ತು. ಇತ್ತ ಅವನಿದ್ದ ಬಾಡಿಗೆ ಮನೆಯ ಒಡತಿ ಮಾರಿಯಮ್ಮ ಬಾಗಿಲಲ್ಲಿ ನಿಂತು, “ತಂಬಿ, ಮನೆ ಕೇಳ್ಕೊಂಡು ಮುನೇಶ್ ಅಂತ ದಿನಾ ಬತ್ತಾ ಅವ್ನೆ. ಟೀಸಿ ಆದ್ರೆ ಒಂದ್ ಮಾತು ಏಳ್ಬಿಡಪ್ಪ, ನಾನೂ ಅವ್ನಿಗೆ ಏಳ್ಬೇಕಲ್ಲ,” ಅಂದಳು.

ಚಲಪತಿ ಹೂಂ ಅಂದ. ಆ ಹೂಂ ಅನ್ನುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು.

ಬಂಗಾರಪೇಟೆ ಸ್ಟೇಷನ್ ಹತ್ತಿರ ಅವನದೊಂದು ಮೋಟಾರು ರಿಪೇರಿ ಅಂಗಡಿ. ಮಕ್ಕಳ ಸ್ಕೂಲು ಅಲ್ಲಿಂದ ಎರಡು ಬೀದಿ ಆಚೆ. ಏಳನೇ ಕ್ಲಾಸಿನ ಕೀರ್ತನಾ, ಮೂರನೇ ಕ್ಲಾಸಿನ ತನುಜಾ ಇಬ್ಬರನ್ನೂ ಕ್ಲಾಸಿಗೆ ಕಳಿಸಿ, ಅಂಗಡಿಯ ಬಾಗಿಲು ತೆಗೆಯದೆ, ಚಲಪತಿ ಆಫೀಸು ರೂಮಿಗೆ ಹೋದ. ಮುನಿಸ್ವಾಮಪ್ಪ ಅವನಿಗಿಂತ ಮೊದಲೇ ಒಳಗೆ ಹೋಗಿ ಕುರ್ಚಿ ಹಿಡಿದಿದ್ದರು.

ಗುಮಾಸ್ತ ಸುಬ್ರಮಣಿ ಅರ್ಜಿ ಓದಿದ. ಇನ್ನೊಂದು ಸಲ ಓದಿದ. ಆಮೇಲೆ ಉದ್ದನೆಯ ಒಂದು ರಿಜಿಸ್ಟರ್ ತೆಗೆದು ಬೆರಳು ಒದ್ದೆ ಮಾಡಿಕೊಂಡು ಪುಟ ತಿರುಗಿಸಿದ.

“ಕೀರ್ತನಾ, ಏನೂ ಬಾಕಿ ಇಲ್ಲ. ತನುಜಾ... ಲೈಬ್ರರಿ ಪುಸ್ತಕ ಒಂದು ಬಾಕಿ. ಕಪ್ಪೆಗಳ ಬಗ್ಗೆ.”

“ಅದರ ದುಡ್ಡು ಕೊಟ್ಬಿಡ್ತೀನಿ ಸಾರ್.”

“ದುಡ್ಡು ನಾನೇನು ಮಾಡ್ಲಿ? ಸೋಮವಾರ ಇನ್ಸ್‌ಪೆಕ್ಟರು ಲೈಬ್ರರಿ ನೋಡೋಕೆ ಬರ್ತಾರೆ. ಅವರಿಗೆ ನೋಟು ತೋರಿಸಿ ಇದೇ ಕಪ್ಪೆ ಅನ್ನಲಾ?”

ಮುನಿಸ್ವಾಮಪ್ಪ ನ್ಯಾಯಾಧೀಶರಂತೆ ತಲೆಯಾಡಿಸಿದರು. “ಅವ್ರು ಏಳೋದು ಸರಿ ಕಣಪ್ಪ.”

ತನುಜಾಳನ್ನು ಕ್ಲಾಸಿನಿಂದ ಕರೆಸಿದರು. ಅವಳು ಬಂದು ಅಪ್ಪನ ಮುಖವನ್ನೇ ನೋಡಿದಳು.

“ಪುಸ್ತಕ ಎಲ್ಲಿಟ್ಟಿದ್ದೀಯಮ್ಮ?”

“ನಾನಿಟ್ಟಿಲ್ಲ. ನೀನೇ ತಾನೆ ಮಂಚದ ಕಾಲು ಅಳ್ಳಾಡ್ತದೆ ಅಂತ ಕೆಳಗಿಟ್ಟಿದ್ದು.”

ಚಲಪತಿಗೆ ನೆನಪಾಯಿತು. ಜೊತೆಗೇ ಇನ್ನೊಂದೂ ನೆನಪಾಯಿತು. ಆ ಮಂಚ ಈಗ ಮನೆಯಲ್ಲಿರಲಿಲ್ಲ. ಹೋಗುವವರಿಗೆ ಸಾಮಾನೇಕೆ ಎಂದು ಕಳೆದ ಭಾನುವಾರ ಅವನ ಅಕ್ಕ ಸೊಣ್ಣಮ್ಮ ಟೆಂಪೋದಲ್ಲಿ ಕಾಮಸಮುದ್ರಕ್ಕೆ ಸಾಗಿಸಿದ್ದಳು. ಅಕ್ಕ ಯಾವುದನ್ನೂ ಅರ್ಧಂಬರ್ಧ ಒಯ್ಯುವವಳಲ್ಲ. ಮಂಚದ ಜೊತೆ ಕಾಲಿನ ಕೆಳಗಿದ್ದದ್ದನ್ನೂ ಒಯ್ದಿದ್ದಳು.

“ಓಗಿ ತತ್ತೀನಿ,” ಅಂದ ಚಲಪತಿ.

“ನೀನು ಓಗ್ಬಾ. ನಾನಿಲ್ಲಿ ಮಿಕ್ಕಿದ್ದು ನೋಡ್ಕೊತೀನಿ,” ಅಂದರು ಮುನಿಸ್ವಾಮಪ್ಪ, ಸುಬ್ರಮಣಿ ತರಿಸಿದ ಟೀ ಊದಿಕೊಳ್ಳುತ್ತ.

ಕಾಮಸಮುದ್ರದ ಬಸ್ಸು ಒಂದು ಹೋಗಿ ಒಂದು ಬರುವ ಹೊತ್ತಿನ ನಡುವೆ ಮನುಷ್ಯನಿಗೆ ಎರಡು ಬಿಳಿಗೂದಲು ಹೆಚ್ಚಾಗಬಹುದು. ಕಾಯುತ್ತ ಚಲಪತಿ ಸೆಲ್ವಿಗೆ ಏಳು ಸಲ ಫೋನು ಮಾಡಿದ. ಸ್ವಿಚ್ ಆಫ್. ಎಂಟನೆಯ ಸಲ ಮಾಡಲು ಹೋಗಿ ಫೋನನ್ನು ಜೇಬಿಗೆ ಹಾಕಿಕೊಂಡ. ಮಂಜಿಗೆ ಫೋನು ನಿಲ್ಲುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಹೋದ ವಾರ ವೀಡಿಯೋದಲ್ಲಿ ಅವಳ ಕಣ್ಣಿನ ಕೆಳಗೆ ಕಪ್ಪಾಗಿದ್ದದ್ದನ್ನು ನೋಡಿಯೂ ಅವನು ಕೇಳಿರಲಿಲ್ಲ. ಕೇಳಿದರೆ ಅತ್ತುಬಿಟ್ಟಾಳು, ಅವಳು ಅತ್ತರೆ ತಾನೂ ಅತ್ತುಬಿಟ್ಟೇನು, ಪಕ್ಕದ ಮನೆಗೆ ಕೇಳಿಸಿಬಿಟ್ಟೀತು ಎಂದು.

ಸೊಣ್ಣಮ್ಮ ತಮ್ಮನನ್ನು ಕಂಡದ್ದೇ ಸೆರಗು ಕಣ್ಣಿಗೊತ್ತಿಕೊಂಡಳು. “ಏಳಿ ಓಗಾಕೆ ಬಂದ್ಯೇನಪ್ಪಾ.”

“ಇಲ್ಲಕ್ಕ, ಕಪ್ಪೆ ಪುಸ್ತಕಕ್ಕೆ ಬಂದೆ.”

ಅಕ್ಕನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಬಂತು. “ಕೊಟ್ಟಿದ್ದನ್ನ ಯಾರಾನ ವಾಪಸ್ ಕೇಳ್ತಾರಾ? ನಾಳೆ ನಿಮ್ಮ ಭಾವ ಮಂಚದಿಂದ ಉರುಳಿದ್ರೆ ಐರ್ಲೆಂಡಿಂದ ಬಂದು ಎತ್ತೀಯ?”

ಭಾವ ಆಗ ಮಂಚದ ಮೇಲೇ ಇದ್ದ, ಮಧ್ಯಾಹ್ನದ ನಿದ್ದೆಯಲ್ಲಿ. ಅವನನ್ನು ಎಬ್ಬಿಸುವಂತಿಲ್ಲ ಎಂದಳು ಅಕ್ಕ. ಕೊನೆಗೆ ಅಕ್ಕ ತಮ್ಮ ಇಬ್ಬರೂ ಭಾವನ ಸಮೇತ ಮಂಚದ ಮೂಲೆಯನ್ನು ಎತ್ತಿ, ಪುಸ್ತಕ ಎಳೆದು, ಆ ಜಾಗಕ್ಕೆ ಒಡೆದ ಇಟ್ಟಿಗೆ ತೂರಿಸಿದರು. ಭಾವ ನಿದ್ದೆಯಲ್ಲೇ “ರೈಟ್, ರೈಟ್” ಅಂದ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಪುಸ್ತಕದ ರಟ್ಟಿನ ಮೇಲಿನ ಕಪ್ಪೆಯ ಹೊಟ್ಟೆ ಮಂಚದ ಕಾಲಿನ ಅಳತೆಗೆ ಗುಂಡಗೆ ಒಳಗೆ ಹೋಗಿತ್ತು.

ಅಕ್ಕ ಉಣ್ಣಿಸದೆ ಕಳಿಸಲಿಲ್ಲ. ಎರಡನೇ ಮುದ್ದೆ ಇಕ್ಕುತ್ತ, “ಅಲ್ಲಿ ರಾಗಿ ಸಿಕ್ತದೇನೋ?” ಅಂದಳು.

“ಗೊತ್ತಿಲ್ಲಕ್ಕ. ಮನೆ ಸಿಕ್ರೆ ಸಾಕಾಗೈತೆ.”

“ಸೆಲ್ವಿ ಚೆನ್ನಾಗವ್ಳಾ?”

ಚಲಪತಿ ಮುದ್ದೆ ನುಂಗಿದ. “ಅವ್ಳೆ,” ಅಂದ.

ಅವನು ಮತ್ತೆ ಸ್ಕೂಲು ಮುಟ್ಟುವಾಗ ಮೂರೂವರೆ. ಸುಬ್ರಮಣಿ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, ಕಪ್ಪೆಯ ಹೊಟ್ಟೆಯ ಮೇಲೆ ಬೆರಳಾಡಿಸಿ, ಏನೂ ಅನ್ನದೆ ರಿಜಿಸ್ಟರಿನಲ್ಲಿ ಗೀಟು ಹಾಕಿದ. ಟೀಸಿ ಎರಡೂ ಬರೆದಾಗಿತ್ತು. ‘ಶಾಲೆ ಬಿಡಲು ಕಾರಣ’ ಎಂಬ ಜಾಗ ಮಾತ್ರ ಖಾಲಿ.

“ಪೋಷಕರ ಕೋರಿಕೆ ಅಂತ ಹಾಕ್ತೀನಿ. ಎಲ್ಲರಿಗೂ ಅದೇ ಹಾಕೋದು,” ಅಂದ ಸುಬ್ರಮಣಿ.

“ಬಿಲ್‌ಕುಲ್ ಬೇಡ,” ಅಂದರು ಮುನಿಸ್ವಾಮಪ್ಪ. “ಅಲ್ಲಿಯೋರು ನೋಡಿದ್ರೆ ಏನಂದ್ಕೊತಾರೆ? ಮಕ್ಕಳನ್ನ ಓಡಿಸ್ಕೊಂಡು ಬಂದವ್ರೆ ಅಂತಾರೆ. ಬರೀರಿ: ಕುಟುಂಬ ಸಮೇತ ಐರ್ಲೆಂಡ್ ದೇಶದಲ್ಲಿ ಕಾಯಂ ಆಗಿ ನೆಲೆಸಲು ತೆರಳಿರುವುದರಿಂದ.”

“ತೆರಳಿರುವುದರಿಂದಾನಾ, ತೆರಳಲಿರುವುದರಿಂದಾನಾ?”

“ತೆರಳಿರುವುದರಿಂದ. ತೆರಳಲಿರುವುದು ಅಂದ್ರೆ ಡೌಟು ಬತ್ತದೆ.”

ಚಲಪತಿಗೆ ಎರಡರ ನಡುವಿನ ವ್ಯತ್ಯಾಸ ಹಿಡಿಯುವಷ್ಟು ತ್ರಾಣ ಉಳಿದಿರಲಿಲ್ಲ. ಹೂಂ ಅಂದ. ಸುಬ್ರಮಣಿ ಮುತ್ತಿನಂಥ ಅಕ್ಷರದಲ್ಲಿ ಬರೆದು, ಹೆಡ್ ಮೇಡಂ ಸಹಿ ಹಾಕಿಸಿ, ಎರಡು ಕಡೆ ಸೀಲು ಗುದ್ದಿ, ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದ. ಆ ಗೆರೆ ನೋಡುತ್ತಲೇ ಮುನಿಸ್ವಾಮಪ್ಪ ಫೋನು ತೆಗೆದು, “ಮಾರಿಯಮ್ಮಾ, ಟೀಸಿ ಆಯ್ತು. ಇನ್ ನಿಮ್ಮಿಷ್ಟ,” ಅಂದರು.

ಹೊರಗೆ ಗಂಟೆ ಹೊಡೆಯಿತು. ಮಕ್ಕಳೆಲ್ಲ ಚೆಲ್ಲಿದ ಕಡಲೆಯಂತೆ ಗೇಟಿನ ಕಡೆ ಓಡಿದವು. ಟೀಸಿ ಎರಡನ್ನೂ ಎದೆಗೆ ಒತ್ತಿಕೊಂಡು ಚಲಪತಿಯೂ ಹೊರಗೆ ಬಂದ. ಮೂರು ತಿಂಗಳಲ್ಲಿ ತಾನು ಶುರು ಮಾಡಿದ ಒಂದು ಕೆಲಸ ಇವತ್ತು ಮುಗಿದಿತ್ತು. ಸೆಲ್ವಿಗೆ ಫೋಟೋ ಹೊಡೆದು ಕಳಿಸೋಣ ಎಂದುಕೊಳ್ಳುತ್ತ ತಲೆಯೆತ್ತಿದ.

ಗೇಟಿನ ಆಚೆ, ಸೀಬೆಹಣ್ಣಿನ ಗಾಡಿಯ ಪಕ್ಕ, ನೀಲಿ ಸೂಟ್‌ಕೇಸಿನ ಮೇಲೆ ಸೆಲ್ವಿ ಕೂತಿದ್ದಳು.

ತನುಜಾ ಆಗಲೇ ಅವಳ ಕುತ್ತಿಗೆಗೆ ಜೋತುಬಿದ್ದಿದ್ದಳು. ಕೀರ್ತನಾ ಎರಡು ಹೆಜ್ಜೆ ದೂರದಲ್ಲಿ ನಿಂತು, ದೊಡ್ಡವಳಾಗಿ ಅಳಬಾರದೆಂದು ಮೂಗು ಒರೆಸಿಕೊಳ್ಳುತ್ತಿದ್ದಳು. ಚಲಪತಿ ಹತ್ತಿರ ಹೋದ.

“ಅಂಗಡಿಗೆ ಓದೆ. ಬಾಗಿಲು ಆಕಿತ್ತು. ಅಲ್ಲಿನ ಸಿಮ್ಮು ಇಲ್ಲಿ ಕೆಲಸ ಮಾಡ್ತಿಲ್ಲ,” ಅಂದಳು ಸೆಲ್ವಿ. ತನುಜಾಳ ರಿಬ್ಬನ್ನು ಬಿಗಿ ಮಾಡುತ್ತ, “ಬಿಟ್ಟು ಬಂದ್ಬಿಟ್ಟೇಂಗ,” ಅಂದಳು. ಸುಸ್ತಾದಾಗ ಅವಳ ಕನ್ನಡದಲ್ಲಿ ತಮಿಳು ಹಣಕುತ್ತದೆ.

“ಮನೆ ಸಿಕ್ತು ಅಂದಿದ್ಯಲ್ಲ?”

“ಬುಧವಾರ ಮನೆಯೋನು ಬೇಡ ಅಂದ್ಬಿಟ್ಟ. ಆ ಒಂದು ಮನೆಗೆ ಅರವತ್ತು ಜನ ನಿಂತಿದ್ರು. ನನ್ನ ರೂಮಿನಾಗೆ ನಾಲ್ಕು ಜನ, ಒಂದು ಬಾತ್‌ರೂಮು. ರಾತ್ರಿ ಡ್ಯೂಟಿ ಮುಗಿಸಿ ಬಂದು ಬಕೆಟ್ ಇಟ್ಕೊಂಡು ಕ್ಯೂನಲ್ಲಿ ನಿಂತಿರ್ತಿದ್ದೆ. ಮಕ್ಕಳು ನನ್ನ ಮುಖ ಫೋನಿನಾಗೆ ನೋಡಿ ನೋಡಿ... ಸಾಕಾಯ್ತು. ಇಲ್ಲಿ ನಮ್ಮ ನರ್ಸಿಂಗ್ ಹೋಮಿನ ಡಾಕ್ಟರಮ್ಮ ವಾಪಸ್ ತಗೊತೀನಿ ಅಂದವ್ರೆ.”

“ನಂಗೊಂದು ಮಾತು ಏಳ್ಬಾರ್ದಾ?”

“ಏಳಿದ್ರೆ ಇನ್ನೊಂದು ವಾರ ನೋಡು ಅಂತಿದ್ರಿ. ಅಂಥ ಹನ್ನೆರಡು ವಾರ ನೋಡಿದೆ.”

ಅದು ನಿಜ. ಚಲಪತಿಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು. ಕೈಯಲ್ಲಿ ಟೀಸಿ ಇತ್ತು. ಅದನ್ನು ನೋಡಿದ್ದೇ ತಿರುಗಿ ಓಡಿದ.

ಸುಬ್ರಮಣಿ ಬೀರುವಿಗೆ ಬೀಗ ಹಾಕುತ್ತಿದ್ದ. ಎಲ್ಲ ಕೇಳಿಸಿಕೊಂಡು ನಿಜವಾಗಿಯೂ ಮರುಕಪಟ್ಟ.

“ಮತ್ತೆ ಸೇರಿಸ್ಕೊಳ್ಳೋಕೆ ನನಗೇನು ಸಾರ್. ಆದರೆ ರಿಜಿಸ್ಟರ್ ಪ್ರಕಾರ ಮಕ್ಕಳು ಐರ್ಲೆಂಡಿಗೆ ತೆರಳಿದ್ದಾರೆ. ಅಲ್ಲಿಂದ ಬಂದ ಮಕ್ಕಳನ್ನ ಸೇರಿಸ್ಕೋಬೇಕು ಅಂದ್ರೆ ಅಲ್ಲಿನ ಸ್ಕೂಲಿನ ಟೀಸಿ ಬೇಕಲ್ಲ.”

“ಅವ್ರು ಇಲ್ಲೇ ಗೇಟ್‌ನಾಗವ್ರೆ ಸಾರ್.”

“ಇರಬಹುದು. ಕಾಗದದಲ್ಲಿ ಇಲ್ಲ. ತೆರಳಲಿರುವುದರಿಂದ ಅಂತ ಇದ್ದಿದ್ದರೆ ಏನಾದರೂ ದಾರಿ ಇತ್ತು. ಸೋಮವಾರ ಬನ್ನಿ, ಮೇಡಂನ ಕೇಳೋಣ.”

ಮುನಿಸ್ವಾಮಪ್ಪ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ನಂದಿದುರ್ಗದ ಬಸ್ಸಿನಲ್ಲಿ ಕೀರ್ತನಾ, “ಕ್ಲಾಸಲ್ಲಿ ನಂಗೆ ಪೆನ್ನು ಕೊಟ್ಟು ಬೀಳ್ಕೊಟ್ರು. ನಾನು ಭಾಷಣ ಬೇರೆ ಮಾಡಿದೆ. ಮತ್ತೆ ಯಾವ ಮುಖ ಇಟ್ಕೊಂಡು ಓಗ್ಲಿ?” ಎಂದಳು. ತನುಜಾ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಸೆಲ್ವಿ ಕಿಟಕಿಗೆ ತಲೆ ಆನಿಸಿ, “ಮನೆಗೋಗಿ ಬಿಸಿನೀರಲ್ಲಿ ಒಂದು ಸ್ನಾನ ಮಾಡಿ ಮಲಗ್ಬೇಕು. ನಮ್ಮ ಮನೆಯಾಗೆ,” ಅಂದಳು.

ಮನೆಯ ಮುಂದೆ ರಂಗೋಲಿ ಇತ್ತು. ಬಾಗಿಲಿಗೆ ಮಾವಿನ ತೋರಣ. ಒಳಗಿನಿಂದ ಹಾಲು ಉಕ್ಕಿದ ವಾಸನೆ ಬರುತ್ತಿತ್ತು. ಒಂದು ಕ್ಷಣ ಸೆಲ್ವಿ ಅದು ತನಗೇ ಎಂದುಕೊಂಡಳು.

ಮಾರಿಯಮ್ಮ ಹೊರಗೆ ಬಂದಳು. ಸೆಲ್ವಿಯನ್ನು ನೋಡಿ ಕೈಯಲ್ಲಿದ್ದ ಹಾಲಿನ ಲೋಟ ಹಾಗೇ ನಿಂತಿತು.

“ಅಯ್ಯೋ ಕಣ್ಣೇ, ನೀನಾ. ಇವತ್ತು ಶುಕ್ರವಾರ, ಒಳ್ಳೇ ದಿನ ಅಂತ ಮುನೇಶ್ ಸಂಸಾರ ಹಾಲುಕ್ಕಿಸಿಬಿಡ್ತು. ಉಕ್ಕಿಸಿದ ಮೇಲೆ ಬೇಡ ಅನ್ನಾಕಾಗ್ತದಾ? ನನ್ನ ಬೀಗದ ಕೈಯಿಂದ ನಾನೇ ಬಾಗಿಲು ತೆಗ್ದು ನಿಮ್ಮ ಸಾಮಾನೆಲ್ಲ ಒಂದ್ ಕಡೆ ಎತ್ತಿಟ್ಟಿವ್ನಿ. ಟೀಸಿ ಆಯ್ತು ಅಂತ ಫೋನ್ ಬಂತಲ್ಲ.”

ಚಲಪತಿ ಹಿಂತಿರುಗಿ ನೋಡಿದ. ಮುನಿಸ್ವಾಮಪ್ಪ ಇಷ್ಟು ದಿನದಲ್ಲಿ ಮೊದಲ ಸಲ ಮಾತಿಗೆ ತಡವರಿಸಿದರು. ಆದರೆ ತುಂಬಾ ಹೊತ್ತೇನಲ್ಲ.

“ಯೋಚ್ನೆ ಮಾಡ್ಬೇಡಿ. ನಾನಿಲ್ವಾ? ನಮ್ಮನೆ ಹಿಂದ್ಗಡೆ ಒಂದು ರೂಮು ಖಾಲಿ ಐತೆ. ಮಗ ಸೊಸೆ ಏನೂ ಅನ್ನಾಕಿಲ್ಲ. ಬೇರೆ ಮನೆ ಸಿಗೋವರ್ಗೂ ಇರ್ರಿ. ಬಾಡಿಗೆ ಮಾತೇ ಬೇಡ.” ಸೂಟ್‌ಕೇಸನ್ನು ತಾವೇ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದವರು, ಏನೋ ನೆನಪಾಗಿ ನಿಂತರು. “ಬಾತ್‌ರೂಮು ಮಾತ್ರ ಒಂದೇ. ಬೆಳಿಗ್ಗೆ ಐದಕ್ಕೆ ನಾನು ಓದ್ರೆ ಆರೂವರೆವರ್ಗೂ ಯಾರೂ ಬಾಗಿಲು ಬಡೀಬಾರ್ದು. ಆಮೇಲೆ ನಮ್ಮ ಯಜಮಾನ್ತಿ, ಮಗ, ಸೊಸೆ. ಆಮೇಲೆ ನೀವು.”

ಸೆಲ್ವಿ ಗಂಡನ ಮುಖ ನೋಡಿದಳು. ಚಲಪತಿ ಹೂಂ ಅನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಅವಳು ಬ್ಯಾಗಿನಿಂದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, “ಅಲ್ಲಿ ಕ್ಯೂನಲ್ಲಿ ನನಗೆ ಮೂರನೇ ನಂಬರ್ ಇತ್ತು,” ಎಂದಳು, ಮುನಿಸ್ವಾಮಪ್ಪನವರ ಹಿಂದೆ ನಡೆಯುತ್ತ.