ಎದುರುಮನೆಯ ಕರಿ ವೈರು

ಎಲ್ಲದಕ್ಕೂ ಕಾರಣ ಒಂದು ಹನಿ ಬೆವರು. ಅದು ದರ್ಜಿಯ ಬೆವರಲ್ಲ, ಅವನ ಹೆಂಡತಿಯದೂ ಅಲ್ಲ. ಎಲ್ಲೋ ದೂರದ ಮೈದಾನದಲ್ಲಿ ಚೆಂಡಿನ ಹಿಂದೆ ಓಡುವ ಯಾವನೋ ಆಟಗಾರನದು.

"ಭಾವನ ಮನೆ ಟಿವೀಲಿ ಅವನ ಹಣೆ ಮೇಲಿನ ಬೆವರು ಹನಿ ಹನಿಯಾಗಿ ಕಾಣ್ಸುತ್ತೆ ಕಣ್ರೀ," ಎಂದಳು ಹೆಂಡತಿ, ಭಾನುವಾರ ಬೆಳಿಗ್ಗೆ ಚಹಾದ ಲೋಟ ಮುಂದಿಡುತ್ತ. "ನಮ್ಮದರಲ್ಲಿ ಬೆವರು ಹಾಳಾಗ್ಲಿ, ಮನುಷ್ಯ ಎಲ್ಲಿದಾನೆ ಅಂತಾನೇ ಹುಡುಕ್ಬೇಕು."

ಭಾವ ಎಂದರೆ ಅವಳ ಅಕ್ಕನ ಗಂಡ, ದರ್ಜಿಗೆ ಷಡ್ಡಕ. ವಾಸ ಎದುರುಮನೆಯಲ್ಲೇ, ಬೀದಿಯ ತುದಿಯಲ್ಲಿ ಬೇಕರಿ. ಎರಡು ವರ್ಷದ ಹಿಂದೆ ಅವನು ದೊಡ್ಡ ಟಿವಿ ತಂದ ದಿನದಿಂದ ದರ್ಜಿಗೆ ನೆಮ್ಮದಿ ಎನ್ನುವುದು ಇರಲಿಲ್ಲ. ಸಂಜೆ ಆರಾದರೆ ಸಾಕು, ದರ್ಜಿಯ ಹೆಂಡತಿ, ತಾಯಿ, ಬೀದಿಯ ಅರ್ಧ ಜನ ಆ ಮನೆಯ ಹಾಲಿಗೆ ನುಗ್ಗುತ್ತಿದ್ದರು. ದರ್ಜಿ ತಣ್ಣಗಾದ ಅನ್ನವನ್ನು ತಾನೇ ಬಡಿಸಿಕೊಂಡು, ಎದುರುಮನೆಯ ಚಪ್ಪಾಳೆ ಕೇಳುತ್ತ ಉಣ್ಣುತ್ತಿದ್ದ. ಹೆತ್ತ ತಾಯಿಯೇ ಒಂದು ದಿನ "ಆ ಬೇಕರಿ ಹುಡುಗನದು ಎಷ್ಟು ದೊಡ್ಡ ಮನಸ್ಸು" ಎಂದಾಗ ಅವನು ತಟ್ಟೆ ಬಿಟ್ಟು ಎದ್ದುಹೋಗಿದ್ದ.

ಹೊಟ್ಟೆಯುರಿ ತಾಳಲಾರದೆ ಹೋದ ವಾರ ಅವನೂ ಒಂದು ಟಿವಿ ತಂದ. ಷಡ್ಡಕನದಕ್ಕಿಂತ ಒಂದು ಗೇಣು ಅಗಲ. ಅಂಗಡಿಯಲ್ಲಿ ಟೇಪು ಹಿಡಿದು ಅಳೆದೇ ತಂದಿದ್ದ. ಆದರೆ ಚಿತ್ರ ಮಾತ್ರ ಸೊಳ್ಳೆಪರದೆಯ ಆಚೆ ಯಾರೋ ಓಡಾಡಿದ ಹಾಗೆ. ಹೆಂಡತಿ, ತಾಯಿ ಎರಡು ದಿನ ಕಣ್ಣು ಕಿರಿದು ಮಾಡಿ ನೋಡಿದರು. ಮೂರನೆಯ ದಿನ ಚಪ್ಪಲಿ ಮೆಟ್ಟಿ ಬೀದಿ ದಾಟಿದರು.

ಬೆವರಿನ ಮಾತು ಕೇಳಿದ ದರ್ಜಿ ಚಹಾ ಅರ್ಧಕ್ಕೇ ಬಿಟ್ಟು ಸೀದಾ ಬೇಕರಿಗೆ ನಡೆದ. ಬ್ರೆಡ್ ಕೊಳ್ಳಲು ಜನ ಮುತ್ತಿದ್ದರು.

"ಇವತ್ತು ಸಂಜೆ ಆರಕ್ಕೆ ಫೈನಲ್ ಮ್ಯಾಚು. ಎಲ್ಲಾರೂ ನಮ್ಮನೇಗೆ ಬನ್ನಿ," ಎಂದ, ಒಲೆಯ ಹತ್ತಿರವಿದ್ದ ಷಡ್ಡಕನಿಗೂ ಕೇಳಲೆಂದು ದನಿ ಏರಿಸಿ. "ಚಿತ್ರ ಅಂದ್ರೆ ಏನು ಅಂತ ತೋರಿಸ್ತೀನಿ!"

ಷಡ್ಡಕನ ಮುಖ ಒಲೆಯಲ್ಲಿಟ್ಟ ಬನ್ನಿನಂತೆ ಉಬ್ಬಿತು. "ಎಲ್ಲಾರೂನಾ ತಮ್ಮಾ? ನಿಜವಾಗ್ಲೂ?"

ಲೇವಡಿ ಮಾಡುತ್ತಿದ್ದಾನೆ, ಎಂದುಕೊಂಡ ದರ್ಜಿ. ಇನ್ನು ಸಂಜೆಯೊಳಗೆ ಚಿತ್ರ ತಿಳಿಯಾಗದಿದ್ದರೆ ಈ ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ.

ಮನೆಗೆ ಬಂದು ಟಿವಿಯ ಬೆನ್ನು ತಿರುಗಿಸುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಹಾಜರಾದ. ಯಾರ ಮನೆಯಲ್ಲಿ ವೈರು ಮುಟ್ಟಿದರೂ ಅವನ ಮೂಗಿಗೆ ಅದು ಹೇಗೋ ಬಡಿಯುತ್ತಿತ್ತು.

"ನೋಡು, ತಪ್ಪು ಇಲ್ಲೇ ಇದೆ," ಎಂದು ಸೆಟ್‌ಟಾಪ್ ಪೆಟ್ಟಿಗೆಯಿಂದ ಟಿವಿಗೆ ಹೋಗಿದ್ದ ಹಳದಿ ವೈರನ್ನು ಬೆರಳಲ್ಲಿ ಎತ್ತಿದ. "ಇಡೀ ಚಿತ್ರ ಈ ಒಂದರಲ್ಲೇ ಬರ್ಬೇಕು. ಬಸ್ಸಿನ ಒಂದೇ ಬಾಗಿಲಲ್ಲಿ ಎಲ್ಲಾರೂ ನುಗ್ಗಿದ ಹಾಗೆ. ಬಟ್ಟೆ ಹರೀದೆ ಇರ್ತದಾ? ಕೆಂಪು, ಹಸಿರು, ನೀಲಿ ಮೂರೂ ಹಾಕು. ಮೂರು ಬಾಗಿಲು!"

ಪೆಟ್ಟಿಗೆಯ ಜೊತೆ ಬಂದ ಚೀಲದಲ್ಲಿ ಆ ಮೂರು ಬಣ್ಣದ ವೈರೂ ಇತ್ತು. ಧ್ವನಿಗೆಂದು ಬೇರೆ ಒಂದು ಕೆಂಪು, ಒಂದು ಬಿಳಿ. ಹೀಗೆ ಕೆಂಪು ಎರಡಾದವು.

"ಚಿತ್ರದ ಕೆಂಪು ಯಾವ್ದು, ಧ್ವನೀದು ಯಾವ್ದು ಅಂತ ಬರೆದಿರ್ತಾರೆ, ಓದಿ ಹಾಕು," ಎಂದ ಲೈನ್‌ಮನ್.

ದರ್ಜಿಗೆ ಅವಮಾನವಾಯಿತು. "ಮೂವತ್ತು ವರ್ಷದಿಂದ ಬಟ್ಟೆಗೆ ದಾರ ಹೊಂದಿಸಿದೀನಿ. ನಂಗೆ ಬಣ್ಣ ಓದಿ ಹಾಕು ಅಂತೀರಾ?"

ಎರಡು ಕೆಂಪನ್ನೂ ಕಿಟಕಿಯ ಬೆಳಕಿಗೆ ಹಿಡಿದ. ಬೇರೆಯವರ ಕಣ್ಣಿಗೆ ಎರಡೂ ಒಂದೇ. ಅವನ ಕಣ್ಣಿಗೆ ಒಂದು ದಾಳಿಂಬೆ, ಇನ್ನೊಂದು ಇಟ್ಟಿಗೆ. ದಾಳಿಂಬೆಯನ್ನು ದಾಳಿಂಬೆ ಬಣ್ಣದ ತೂತಿಗೆ, ಇಟ್ಟಿಗೆಯನ್ನು ಇಟ್ಟಿಗೆಗೆ ಸೇರಿಸಿ, ಷರ್ಟಿಗೆ ಕೊನೆಯ ಗುಂಡಿ ಹಾಕಿದವನಂತೆ ಹಿಂದೆ ಸರಿದು ನಿಂತ. ವೈರು ಮಾಡಿದ ಕಾರ್ಖಾನೆಯವರಿಗೆ ಅಷ್ಟು ಬಣ್ಣಜ್ಞಾನ ಇರಲಿಲ್ಲ, ಚಿತ್ರದ ಕೆಂಪು ಧ್ವನಿಯ ತೂತಿಗೆ ಹೋಗಿದೆ ಎಂಬುದು ಅವನಿಗೇನು ಗೊತ್ತು?

ಸ್ವಿಚ್ಚು ಒತ್ತಿದರೆ ಟಿವಿ ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್ ಎಂದಿತು. ಸುದ್ದಿ ಓದುವ ಹೆಣ್ಣುಮಗಳು ಹಸಿ ಬಾಳೆಕಾಯಿಯ ಬಣ್ಣಕ್ಕೆ ತಿರುಗಿದ್ದಳು.

ತಾಯಿ ಬಾಗಿಲಿಗೆ ಬಂದು ನೋಡಿ, "ಅಯ್ಯೋ ಪಾಪ, ಯಾರ ಮನೆ ಮಗಳೋ, ಮೈಗೆ ಹುಷಾರಿಲ್ದಿದ್ರೂ ಕೂರಿಸಿದಾರಲ್ಲ," ಎಂದಳು.

ಅಷ್ಟರಲ್ಲಿ ಗುಂಯ್ ಶಬ್ದ ಕೇಳಿ ಕ್ಷೌರದಂಗಡಿಯವನು ಕತ್ತರಿ ಸಮೇತ ಬಂದ. "ಮುಖದ ಬಣ್ಣ ತಾನೇ? ಅದು ನನ್ನ ಕಸುಬು, ಇಲ್ಲಿ ಕೊಡಿ," ಎಂದು ರಿಮೋಟು ಕಿತ್ತುಕೊಂಡ. ಬೆಳಕು ನೂರಕ್ಕೆ ಏರಿಸಿದ. ಬಣ್ಣ ನೂರಕ್ಕೆ ಏರಿಸಿದ. ಹೆಣ್ಣುಮಗಳು ಬಾಳೆಕಾಯಿ ಹೋಗಿ ಸುಣ್ಣದ ಗೋಡೆಯಾದಳು. ಇನ್ನೊಂದು ಗುಂಡಿ ಒತ್ತಿದ್ದೇ ತಡ, ಟಿವಿಯ ಮೇಲಿನ ಅಕ್ಷರವೆಲ್ಲ ಯಾವುದೋ ಕಂಡರಿಯದ ಭಾಷೆಗೆ ಮಗುಚಿಕೊಂಡವು. ಇರುವೆ ಸಾಲಿನಂಥ ಆ ಅಕ್ಷರಗಳನ್ನು ಮೂವರೂ ತಲೆ ಓರೆ ಮಾಡಿ ನೋಡಿದರು.

"ಇದು ಟಿವಿ ಸ್ಟೇಷನ್ನಿನವರ ತಪ್ಪು," ಎಂದು ಕ್ಷೌರದವನು ರಿಮೋಟು ಕೆಳಗಿಟ್ಟು ನಡೆದ. ಲೈನ್‌ಮನ್ನಿಗೆ ಊಟದ ನೆನಪಾಯಿತು.

ಗಂಟೆ ನಾಲ್ಕಾಯಿತು. ಭಾನುವಾರ, ಟಿವಿ ಅಂಗಡಿಗೆ ಬೀಗ. ಹೆಂಡತಿ ಒಮ್ಮೆ ಗಂಡನನ್ನೂ ಒಮ್ಮೆ ಸುಣ್ಣದ ಮುಖದವಳನ್ನೂ ನೋಡಿ, "ಈಗ್ಲಾದ್ರೂ ಹೋಗಿ ಭಾವನ್ನ ಕೇಳ್ರೀ. ಅವರದು ಹೆಂಗೆ ಹಾಕಿದಾರೆ ಅಂತ ಹೇಳ್ತಾರೆ," ಎಂದಳು.

"ಅವನ್ನ ಕೇಳೋದಾ? ಅದಕ್ಕಿಂತ ಸೂಜಿ ನುಂಗ್ತೀನಿ!"

ಕೇಳುವುದು ಬೇಡ, ನೋಡಿ ಬಂದರೆ ಆಯಿತಲ್ಲ? ಟೇಪನ್ನು ಕೊರಳಿಗೆ ಹಾಕಿಕೊಂಡು ಬೀದಿ ದಾಟಿದ. ಅತ್ತಿಗೆ, ಷಡ್ಡಕನ ಹೆಂಡತಿ, ಅಡುಗೆಮನೆಯಲ್ಲಿದ್ದಳು.

"ಅತ್ತಿಗೆ, ಕಿಟಕಿ ಪರದೆಗೆ ಅಳತೆ ತಗೊಂಡು ಹೋಗ್ತೀನಿ."

"ನಾವು ಪರದೆ ಕೇಳೇ ಇಲ್ವಲ್ಲ ತಮ್ಮಾ?"

"ಕೇಳ್ಬೇಕಾ? ನಿಮ್ಮ ಮೇಲಿನ ಪ್ರೀತಿಗೆ," ಎಂದ ದರ್ಜಿ. ಆ ಮಾತು ಆಡಲು ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು.

ಕಿಟಕಿಯನ್ನು ಮುಟ್ಟಿದ ಶಾಸ್ತ್ರ ಮಾಡಿ ಟಿವಿಯ ಹಿಂದೆ ನುಸುಳಿದ. ಅಲ್ಲಿ ಬಣ್ಣದ ಸುಳಿವೇ ಇರಲಿಲ್ಲ! ಪೆಟ್ಟಿಗೆಯಿಂದ ಟಿವಿಗೆ ಒಂದೇ ಒಂದು ಕರಿ ವೈರು, ಎರಡು ತುದಿಗೂ ಚಪ್ಪಟೆ ಮೂತಿ. ಚಿತ್ರ, ಧ್ವನಿ ಎರಡೂ ಅದರಲ್ಲೇ. ಇಂಥದೇ ಚಪ್ಪಟೆ ತೂತು ತನ್ನ ಟಿವಿಯಲ್ಲೂ ಪೆಟ್ಟಿಗೆಯಲ್ಲೂ ಇತ್ತೆಂದು ಅವನಿಗೆ ಹೊಳೆಯಿತು. ಈ ದರಿದ್ರ ವೈರಿನಿಂದ ಎರಡು ವರ್ಷ ತಾನು ತಣ್ಣನೆಯ ಅನ್ನ ಉಂಡೆನೇ ಎಂದು ಸಿಟ್ಟೂ ಬಂತು. ಸಿಟ್ಟಿನಲ್ಲಿ ಮುಟ್ಟಿದನೋ, ಎಳೆದನೋ, ವೈರು ಕೈಗೆ ಬಂತು. ಬಂದದ್ದನ್ನು ಷರ್ಟಿನ ಒಳಗೆ ಸೊಂಟಕ್ಕೆ ಸುತ್ತಿಕೊಂಡ.

ತಲೆ ಹೊರಗೆ ಹಾಕಿದರೆ ಅತ್ತಿಗೆ ಎದುರಿಗೆ ನಿಂತಿದ್ದಳು.

"ಕಿಟಕಿ ಆ ಕಡೆ ಇದೆ ತಮ್ಮಾ. ಟಿವಿಗೂ ಪರದೆ ಹೊಲೀತೀಯಾ?"

"ಧೂಳು ಕೂರಬಾರ್ದಲ್ಲ... ಒಂದು ಮುಸುಕು..."

"ಹಂಗಾದ್ರೆ ದಿಂಬಿಗೂ ನಾಲ್ಕು ಗವಸು ಹೊಲಿದುಬಿಡು," ಎಂದಳು ಅತ್ತಿಗೆ. ನಗುತ್ತಿದ್ದಳೋ ಇಲ್ಲವೋ ನೋಡುವಷ್ಟು ಧೈರ್ಯ ಅವನಿಗಿರಲಿಲ್ಲ.

ಮನೆಗೆ ಬಂದು ಕರಿ ವೈರು ಸಿಕ್ಕಿಸಿದ. ಕ್ಷೌರದವನು ಬಳಿದ ಸುಣ್ಣವೆಲ್ಲ ಬಣ್ಣದ ತೂತುಗಳ ಚಿತ್ರಕ್ಕೇ ಅಂಟಿತ್ತು. ಈ ಹೊಸ ತೂತಿನ ಚಿತ್ರಕ್ಕೆ ಅವನ ಕೈ ತಾಗಿರಲಿಲ್ಲ. ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೋದಾಗ ಒಮ್ಮೆಲೇ ಮೈದಾನ ತೆರೆದುಕೊಂಡಿತು, ಯಾವುದೋ ಹಳೆಯ ಆಟ. ಹುಲ್ಲಿನ ಒಂದೊಂದು ಎಳೆಯೂ ಬೇರೆ ಬೇರೆ. ಆಟಗಾರನ ಅಂಗಿಯ ತೋಳಿನಲ್ಲಿ ಹೊಲಿಗೆ ಒಂದು ಕಡೆ ಬಿಟ್ಟಿದ್ದು ಕೂಡ ದರ್ಜಿಗೆ ಕಂಡಿತು. ಅವನ ಕಣ್ಣಲ್ಲಿ ನೀರಾಡಿತು.

ಆರು ಗಂಟೆಗೆ ಬೀದಿಗೆ ಬೀದಿಯೇ ಬಂತು. ಮಂಚದ ಮೇಲೆ ಆರು ಜನ, ಹೊಲಿಗೆ ಯಂತ್ರದ ಮೇಲೆ ಇಬ್ಬರು. ಅತ್ತಿಗೆಯೂ ಬಂದು ಮುಂದಿನ ಸಾಲಲ್ಲಿ ಕೂತಳು. ದರ್ಜಿಯ ಕುರ್ಚಿಯಲ್ಲಿ ಲೈನ್‌ಮನ್. "ನನ್ನ ಸಲಹೆ!" ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

"ಭಾವನ ಮನೇದಕ್ಕಿಂತ ಚೆಂದ ಕಣ್ರೀ," ಎಂದಳು ಹೆಂಡತಿ. ಎರಡು ವರ್ಷದಿಂದ ಆ ಒಂದು ಮಾತಿಗೆ ದರ್ಜಿ ಕಾದಿದ್ದ. ಆದರೆ ಅದನ್ನು ಕೇಳಿ ಬಾಡಬೇಕಾದ ಮುಖವೇ ಅಲ್ಲಿರಲಿಲ್ಲ. ಹೇಗೂ ತನಗೆ ಕೂರಲು ಜಾಗವಿಲ್ಲ. ಅರ್ಧ ಆಟ ಮುಗಿದಾಗ ಆ ಮುಖ ನೋಡಿ ಬರೋಣವೆಂದು ಹೊರಟ.

ಎದುರುಮನೆ ಕತ್ತಲಾಗಿತ್ತು. ಕತ್ತಲಲ್ಲಿ ಕೂತು ಕೊರಗುತ್ತಿದ್ದಾನೆ, ಎಂದು ಹಿಗ್ಗಿ ಬಾಗಿಲು ಬಡಿದ. ಹೊದಿಕೆ ಹೊದ್ದ ಷಡ್ಡಕ ಅರ್ಧ ಕಣ್ಣು ತೆರೆದು ಬಂದ.

"ಏನಣ್ಣ, ಟಿವಿ ಕೆಟ್ಟಿದೆಯಾ? ನಮ್ಮನೇಗೆ ಬರಬಾರ್ದಾ?"

"ಕೆಟ್ಟಿಲ್ಲ ತಮ್ಮಾ. ವೈರು ನಿನ್ನ ಹತ್ರ ಇದೆಯಲ್ಲ."

ದರ್ಜಿ ಒಂದು ಹೆಜ್ಜೆ ಹಿಂದೆ ಸರಿದ. "ಅಣ್ಣ... ಮ್ಯಾಚು ಮುಗಿದ ಕೂಡ್ಲೇ ತಂದು..."

"ತರಬೇಡ!" ಷಡ್ಡಕ ಎರಡೂ ಕೈ ಮುಗಿದುಬಿಟ್ಟ. "ನಿನ್ನ ದಮ್ಮಯ್ಯ, ವಾಪಸ್ ಮಾತ್ರ ತರಬೇಡ. ಬೆಳಗಿನ ಬ್ರೆಡ್ಡಿಗೆ ನಾನು ಎರಡು ಗಂಟೆಗೇ ಎದ್ದು ಹಿಟ್ಟು ನಾದ್ಬೇಕು. ಎರಡು ವರ್ಷದಿಂದ ಹತ್ತರವರೆಗೂ ಹಾಲ್ ತುಂಬಾ ಜನ. ಬನ್ನಿ ಅಂದ ಬಾಯಲ್ಲಿ ಹೋಗಿ ಅಂತ ಹೆಂಗೆ ಹೇಳೋದು? ನಿಂಗೆ ಹೊಟ್ಟೆ ಉರೀಲಿ, ನೀನೂ ಒಂದು ತಗೊಳ್ಳಲಿ ಅಂತಾನೇ ನಿನ್ನ ಹೆಂಡ್ತಿಗೆ ದಿನಾ ಆ ಬೆವರ ಹನಿ ತೋರಿಸ್ತಿದ್ದೆ. ಇವತ್ತು ನೀನು ಟಿವಿ ಹಿಂದೆ ನುಗ್ಗಿದ್ದು ನಿನ್ನ ಅತ್ತಿಗೆ ನೋಡಿದ್ಲು. ಎಲ್ಲಿ ವೈರು ಬಿಟ್ಟು ಹೋಗ್ತೀಯೋ ಅಂತ ಅವಳಿಗೇ ದಿಗಿಲು!"

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ದರ್ಜಿ ಮರಳಿ ಬಂದಾಗ ಅವನ ಮನೆ ಒಮ್ಮೆಲೇ ಹೋ ಎಂದು ಕಿರುಚಿತು. ಗೋಲು ಬಿದ್ದಿತ್ತು. ಅವನಿಗೆ ಕಂಡದ್ದು ನಲವತ್ತು ಬೆನ್ನು. ನಾಳೆ ಆರಕ್ಕೆ ಧಾರಾವಾಹಿ, ನಾಡಿದ್ದು ಹಾಡಿನ ಸ್ಪರ್ಧೆ, ದರ್ಜಿಯ ಮನೆಯಲ್ಲೇ ಎಂದು ಯಾರೋ ಆಗಲೇ ಗೊತ್ತು ಮಾಡುತ್ತಿದ್ದರು. ಅವನು ಹೊಸ್ತಿಲ ಮೇಲೆ ತುದಿಗಾಲಲ್ಲಿ ನಿಂತ.

"ಯಾರದು ಬಾಗಿಲಿಗೆ ಅಡ್ಡ? ಗಾಳೀನೇ ಬರ್ತಿಲ್ಲ, ಸರೀರಪ್ಪ ಆಚೆ!" ಎಂದಿತು ಒಳಗಿನಿಂದ ತಾಯಿಯ ದನಿ.

"ಅಮ್ಮಾ, ನಾನು."

"ನೀನಾದ್ರೇನು, ಸರಿ!"

ಸರಿದು ಮೆಟ್ಟಿಲ ಮೇಲೆ ಕೂತ. ಹಸಿವಾಗಿತ್ತು. ಅಡುಗೆಮನೆಗೆ ಹೋಗಲು ಆ ಜನರನ್ನೆಲ್ಲ ದಾಟಬೇಕಿತ್ತು. ಎದುರಿನ ಕತ್ತಲ ಮನೆಯಿಂದ ಷಡ್ಡಕನ ಗೊರಕೆ ತೇಲಿ ಬಂತು. ದುಂಡಗೆ, ನಿಧಾನವಾಗಿ, ಯಾರ ಹಂಗೂ ಇಲ್ಲದೆ ಬರುವ ಗೊರಕೆ. ಅದನ್ನು ಕೇಳುತ್ತ ಕೇಳುತ್ತ ದರ್ಜಿಯ ಹೊಟ್ಟೆ ಹೊಸದಾಗಿ ಉರಿಯತೊಡಗಿತು.