ಅಮ್ಮನವರ ಪಟದ ಬಾಟಲಿ

ಎಲ್ಲವನ್ನೂ ಸಹಿಸುವ ಮನಸ್ಸನ್ನು ಕೊಟ್ಟು ಕಾಪಾಡಿದ ಭಗವಂತನಿಗೆ ಮೊದಲು ನಮಸ್ಕಾರ. ಆ ಸಹನೆ ಇಲ್ಲದಿದ್ದರೆ ನನ್ನ ಹೆಂಡತಿಯ ತಮ್ಮನೊಡನೆ ಇಷ್ಟು ವರ್ಷ ನಂಟಸ್ತನ ನಡೆಸುವುದು ಸಾಧ್ಯವಿತ್ತೇ? ಬಾಯಲ್ಲಿ ಹೇಳದಿದ್ದರೆ ಅಶುಭವೇ ಇರುವುದಿಲ್ಲವೆಂದು ನಂಬಿದ ಮಹಾನುಭಾವ ಅವನು!

ಅಕ್ಕಿ ಮುಗಿದರೆ ‘ತುಂಬಿದೆ’ ಎನ್ನುವುದು ನಮ್ಮೆಲ್ಲರ ರೂಢಿ. ಅವನು ಅದನ್ನು ಗ್ಯಾಸಿಗೂ ವಿಸ್ತರಿಸಿದ. ಏಜೆನ್ಸಿಗೆ ಫೋನ್ ಮಾಡಿ, “ಸಿಲಿಂಡರ್ ತುಂಬ್ಕಂಡೈತೆ ಸ್ವಾಮಿ, ಬೇಗ ನೋಡಿ” ಎಂದ. “ಒಳ್ಳೇದಾಯ್ತು” ಎಂದು ಅವರು ಫೋನ್ ಇಟ್ಟರು. ಆ ವಾರವೆಲ್ಲ ಅವನ ಸಂಸಾರ ನಮ್ಮ ಮನೆಯಲ್ಲಿ ಉಂಡಿತು.

ಇಂಥವನು ಮೂಕಂಡಪಲ್ಲಿಯ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ, ಹಿತ್ತಾಳೆ ದೀಪಗಳನ್ನು ತಿಕ್ಕಿ ಬೆಳಗುವ ದ್ರವ ತಯಾರಿಸಿ ಆನ್‌ಲೈನಿನಲ್ಲಿ ಮಾರತೊಡಗಿದ. ಅದರಲ್ಲಿ ಚರ್ಮ ಸುಡುವಷ್ಟು ಆಸಿಡ್ ಇತ್ತು. ಜಾಲತಾಣದವರು ನಿಯಮ ತಿಳಿಸಿದರು: ಒಳಗೇನಿದೆ, ಮೈಗೆ ತಾಗಿದರೆ ಏನು ಮಾಡಬೇಕು ಎಂಬುದನ್ನು ಲೇಬಲ್ಲಿನಲ್ಲಿ ಬರೆಯಬೇಕು, ಅಪಾಯದ ಚಿತ್ರ ಇರಲೇಬೇಕು.

“ದೀಪ ಬೆಳಗೋ ಬಾಟ್ಲಿ ಮ್ಯಾಲೆ ಕೈ ಸುಟ್ಟೋಗೋ ಚಿತ್ರನಾ ಭಾವ? ನೋಡ್ದೋರ್ಗೆ ಏನ್ ಬತ್ತದೆ?”

“ಎಚ್ಚರ ಬರುತ್ತಪ್ಪಾ.”

“ಇಷ್ಟೆಲ್ಲಾ ಓದಿ ಇದೇನಾ ನೀವ್ ಕಲ್ತಿದ್ದು?”

ಒಂದೇ ಒಂದು ಬಾಟಲಿಗೆ ನಿಯಮದ ಲೇಬಲ್ ಅಂಟಿಸಿ, ಫೋಟೊ ತೆಗೆದು ಜಾಲತಾಣಕ್ಕೆ ಕಳುಹಿಸಿದ. ಬಳಿಕ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಎಚ್ಚರಿಕೆ ಬರೆದ ಬಾಟಲಿಯಿಂದ ಲೋಕವನ್ನು ಹೀಗೆ ರಕ್ಷಿಸಿ, ಉಳಿದವಕ್ಕೆಲ್ಲ ಅಮ್ಮನವರ ಪಟ ಅಂಟಿಸಿ, ಕೆಳಗೆ ‘ಸರ್ವಮಂಗಳವಾಗಲಿ’ ಎಂದು ಅಚ್ಚು ಹಾಕಿಸಿದ.

ದೇವರ ಪಟವಿರುವುದನ್ನು ಬಚ್ಚಲಿನಲ್ಲಿಡುವುದುಂಟೇ? ಅವನ ಹೆಂಡತಿ ಒಂದು ಬಾಟಲಿಯನ್ನು ದೇವರ ಗೂಡಿನಲ್ಲಿಟ್ಟಳು. ಉದ್ದನಪಲ್ಲಿಯಿಂದ ಬಂದಿದ್ದ ಅವನ ತಾಯಿ, ಅಂದರೆ ನನ್ನ ಅತ್ತೆಯವರು, ಮಿಂದು ಬಂದು, ಯಾವುದೋ ಕ್ಷೇತ್ರದ ತೀರ್ಥವೆಂದು ಭಾವಿಸಿ, ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡರು.

ಹೊಸೂರಿನ ಆಸ್ಪತ್ರೆಯಲ್ಲಿ ವೈದ್ಯೆ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದ್ರಲ್ಲಿ ಏನಿದೆ? ಎಲ್ಲೂ ಬರೆದೇ ಇಲ್ಲ. ಯಾರು ಮಾಡಿದ್ದು ಇದನ್ನ?”

ಸರ್ವಮಂಗಳಕ್ಕೆ ಯಾವ ವೈದ್ಯರು ತಾನೇ ಔಷಧ ಕೊಟ್ಟಾರು?

“ನಾನೇ ಮೇಡಂ” ಎಂದ ನನ್ನ ಭಾವಮೈದುನ. ಯಾವ ಆಸಿಡ್, ನೀರೆಷ್ಟು ಬೆರೆಸಿದ್ದು, ಎಲ್ಲವನ್ನೂ ತಾಯಿಯ ಮಂಚದ ಪಕ್ಕದಲ್ಲಿ ನಿಂತು ಒಪ್ಪಿಸಿದ.

ಅತ್ತೆಯವರು ಬದುಕಿದರು. ನಾಲಿಗೆ ಹೊರಳುವಂತಾದಾಗ ಅವರು ಮೊದಲು ನನ್ನನ್ನೇ ಕರೆದರು. “ಅವ್ನ್ನ ಏನೂ ಅನ್ಬ್ಯಾಡಿ. ನಂಗೇ ಓದಕ್ ಬರಲ್ಲ. ಬರ್ದಿದ್ರೂ ಕುಡೀತಿದ್ದೆ.”

ಪಕ್ಕದಲ್ಲಿ ಗಂಜಿಯ ಲೋಟ ಹಿಡಿದಿದ್ದ ಮಗ ತಲೆಯೆತ್ತಲಿಲ್ಲ. “ಓದಕ್ ಬರ್ದೇ ಇರೋರ್ಗೇ ಕಣವ್ವಾ, ಆ ಚಿತ್ರ ಇರೋದು.”

ಕೊಂಡವರ ನಂಬರುಗಳನ್ನು ಜಾಲತಾಣದವರಿಂದ ಬೇಡಿ ಪಡೆದು, ಈಗ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದಾನೆ. “ಅದು ಆಸಿಡ್ಡು, ಕೈ ಸುಡ್ತದೆ. ದ್ಯಾವ್ರ ಗೂಡಲ್ಲಿದ್ರೆ ಮೊದ್ಲು ತೆಗ್ದ್ಬುಡಿ.” ಕೆಲವರು ಬೈಯುತ್ತಾರೆ, ಕೆಲವರು ಎತ್ತುವುದೇ ಇಲ್ಲ.

ಜೀವ ಉಳಿಸಿದ ವೈದ್ಯೆಗೂ, ಕಾರಿನಲ್ಲಿ ಕರೆದೊಯ್ದ ಪಕ್ಕದ ಮನೆಯಾತನಿಗೂ, ಬೈದವರಿಗೂ, ಗಂಜಿಯನ್ನು ಆರಿಸಿ ಆರಿಸಿ ಕುಡಿಸುವ ಆ ಮಗನಿಗೂ ಒಳ್ಳೆಯದಾಗಲಿ. ಫೋನ್ ಎತ್ತದವರನ್ನು ಭಗವಂತನೇ ಕಾಯಬೇಕು.