ಯಾರೂ ಬಿಡಿಸಿಕೊಳ್ಳದ ಕಾಗದ

ನಮ್ಮ ಚಿಕ್ಕಪ್ಪನಿಗೆ ಬದುಕಿರುವವರು ಬರೆದ ಕಾಗದವೆಂದರೆ ಅಷ್ಟಕ್ಕಷ್ಟೇ. ಸ್ವಂತ ತಂಗಿ ಹಾಲ್ಕುರಿಕೆಯಿಂದ ಬರೆದ ಇನ್‌ಲ್ಯಾಂಡ್ ಲೆಟರು ವಾರಗಟ್ಟಲೆ ಒಡೆಯದೆ ಕಿಟಕಿಯಲ್ಲಿ ಬಿದ್ದಿರುತ್ತಿತ್ತು. ಅದೇ, ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಸತ್ತುಹೋದ ಯಾರೋ ಇನ್ಯಾರಿಗೋ ಬರೆದದ್ದಾದರೆ, ಕೈಕಾಲು ತೊಳೆದುಕೊಂಡು ಬಂದು ಬೆಳಕಿಗೆ ಹಿಡಿಯುತ್ತಿದ್ದ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು, ಮದುವೆಯಾಗದೆ ಉಳಿದ ಮನುಷ್ಯನಿಗೆ ಬೇರೆ ಚಟ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮಜ್ಜಿಯೂ ದಿನಾ ಅದನ್ನೇ ಕೇಳುತ್ತಿದ್ದಳು.

ಅವನು ಕೂಡಿಹಾಕುತ್ತಿದ್ದದ್ದು ಸ್ಟಾಂಪು ಹುಟ್ಟುವುದಕ್ಕೆ ಮೊದಲಿನ ಕಾಗದಗಳನ್ನು. ಆಗ ಅಲ್ಲಿ ಲಕೋಟೆಯೂ ಇರಲಿಲ್ಲವಂತೆ. ಬರೆದ ಹಾಳೆಯನ್ನೇ ಮಡಿಸಿ, ಅರಗು ಹಾಕಿ, ಬೆನ್ನಿಗೆ ವಿಳಾಸ ಬರೆದರೆ ಮುಗಿಯಿತು. ಹೆಚ್ಚಾಗಿ ದುಡ್ಡು ಕೊಡಬೇಕಾದವನು ಕಾಗದ ಬಿಡಿಸಿಕೊಳ್ಳುವವನೇ. ಅಲ್ಲಿನ ಒಬ್ಬ ನಿವೃತ್ತ ಮೇಷ್ಟ್ರು ಇವನ ಪತ್ರಮಿತ್ರ. ಇವನು ಹಂದನಕೆರೆ, ಹುಳಿಯಾರು ಸುತ್ತಿನ ಅಟ್ಟಗಳನ್ನು ಜಾಲಾಡಿ ಹಳೇ ಮೈಸೂರು ಅಂಚೆಯ ಕಾಗದ ಕಳಿಸಬೇಕು, ಅವರು ಅಮೆರಿಕದ್ದು ಕಳಿಸಬೇಕು.

"ಸ್ಟಾಂಪೇ ಇಲ್ವಲ್ಲೋ, ಅದೇನು ಚೆಂದ ಅಂತ ಮಡಗ್ಕೊಂಡಿದೀಯ?" ಎನ್ನುತ್ತಿದ್ದಳು ಅಜ್ಜಿ.

"ಇಲ್ದಿರೋದೇ ಚೆಂದ ಕಣವ್ವ."

"ಹಂಗಾರೆ ಹೆಂಡ್ತಿ ಇಲ್ದಿರೋದೂ ಚೆಂದವೇ ಬುಡು."

ನಾನು ಕಾಲೇಜು ಓದಲು ಅವರ ಮನೆಯಲ್ಲಿದ್ದ ವರ್ಷ, ಆ ಮೇಷ್ಟ್ರು ಒಂದು ಅಪರೂಪದ ಕಾಗದ ಕಳಿಸಿದರು. ಅದಕ್ಕೆ ಕಪ್ಪು ಅರಗು. ಒಡೆದೇ ಇರಲಿಲ್ಲ. 'ಯಾರೂ ಬಂದು ಬಿಡಿಸಿಕೊಂಡಿಲ್ಲ' ಎಂದು ಮೇಲೆ ಅಡ್ಡವಾಗಿ ಬರೆದಿತ್ತು. ಚಿಕ್ಕಪ್ಪ ಅಂದು ಊಟ ಮಾಡಲಿಲ್ಲ, ಸಂತೋಷಕ್ಕೆ. ಕಪ್ಪು ಅರಗೆಂದರೆ ಸಾವಿನ ಸುದ್ದಿ ಎಂದು ಬಾಯಿತಪ್ಪಿ ಹೇಳಿಬಿಟ್ಟ. ಅಜ್ಜಿಯೂ ಊಟ ಬಿಟ್ಟಳು.

ನಮ್ಮ ಕಡೆ ಸಾವಿನ ಕಾಗದ ಬಂದರೆ ಜಗಲಿಯಲ್ಲೇ ಓದಿ, ಹರಿದು ಹಾಕಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಇವನೋ, ಅದನ್ನು ಗಾಜಿನ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ.

ಮಾರನೇ ವಾರ ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು ಸೈಕಲ್ ನಿಲ್ಲಿಸಿದ. ಕೈಯಲ್ಲಿ ನಮ್ಮ ಮನೆಯ ಕಾಗದ ಯಾವುದೂ ಇರಲಿಲ್ಲ.

"ಇವತ್ತು ಏನೂ ಬಂದಿಲ್ಲ ಅಂತ ಹೇಳಿ ಅಮ್ಮಾವ್ರೆ."

"ಯಾರಿಗಪ್ಪ?" ಎಂದಳು ಅಜ್ಜಿ.

"ಒಳಗಿಂದ ಕೇಳಿದ್ರಲ್ಲ, ಆ ಯಜಮಾನ್ರಿಗೆ."

ಚಿಕ್ಕಪ್ಪ ಕೊಬ್ಬರಿ ಮಂಡಿಗೆ ಹೋಗಿದ್ದ. ಮನೆಯಲ್ಲಿದ್ದವರು ಅಜ್ಜಿ ಮತ್ತು ನಾನು.

"ಏನಂತ ಕೇಳಿದ್ರು?" ಎಂದೆ ನಾನು.

"ಯಾವ ಭಾಸೆಯೋ ತಿಳೀಲಿಲ್ಲ ಕಣವ್ವ. ಆದ್ರೆ ಕಾಗದ ಬಂತಾ ಅಂತ ಕೇಳೋರ ದನಿ ನಂಗೆ ಗೊತ್ತಾಗಲ್ವಾ?"

ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಮೂರನೇ ಸಲ ಅವನು ಸೈಕಲ್ಲಿನಿಂದ ಇಳಿಯದೆ, ಏನೂ ಇಲ್ಲವೆಂದು ಕೈಯಾಡಿಸಿಕೊಂಡು ಜೋರಾಗಿ ತುಳಿದು ಹೋದ. ಚಿಕ್ಕಪ್ಪ ನಕ್ಕ. ಪೋಸ್ಟ್‌ಮ್ಯಾನಿಗೆ ಬಿಸಿಲು ತಲೆಗೆ ಹತ್ತಿದೆ ಎಂದ. ಅಟ್ಟದ ಮೇಲೆ ಒಣಗಿದ ಕಾಯಿ ಗುಡುಗುಡು ಉರುಳಿದರೆ ಇಲಿ ಎಂದ. ಬೆಕ್ಕು ನಡುಮನೆಯ ಹೊಸಿಲು ದಾಟದೆ ಕೂತರೆ ಅದಕ್ಕೆ ವಯಸ್ಸಾಯಿತು ಎಂದ.

ಒಂದು ಭಾನುವಾರ ಮಾತ್ರ, ಒಬ್ಬನೇ ನಡುಮನೆಯಲ್ಲಿ ಕೂತಿದ್ದವನು ಎದ್ದು ಜಗಲಿಗೆ ಬಂದ. "ನೀನು ನನ್ನ ಏನಾದ್ರೂ ಕೇಳಿದ್ಯಾ?" ಎಂದ. ಇಲ್ಲವೆಂದೆ. ಅವನು ನನ್ನ ಕೈಯಿಂದ ಕಾಫಿ ಲೋಟ ಇಸಿದುಕೊಂಡ. ಅರ್ಧ ಕಾಫಿ ಪಂಚೆಯ ಮೇಲೆ ಚೆಲ್ಲಿತು.

ಅಜ್ಜಿ ಅವನನ್ನೇ ನೋಡುತ್ತಿದ್ದಳು. "ತತ್ತಾ ಅದನ್ನ," ಎಂದಳು.

"ಒಡೆದ್ರೆ ಅದಕ್ಕೆ ಬೆಲೆಯೇ ಇರಲ್ಲ ಕಣವ್ವ."

"ಯಾರದೋ ಮನೇಲಿ ಯಾರೋ ಸತ್ತವ್ರೆ. ಓದ್ಲಾ."

ಜಗಲಿಯ ಬಿಸಿಲಿನಲ್ಲಿ ಕೂತು ಚಿಕ್ಕಪ್ಪ ಅರಗಿನ ಕೆಳಗೆ ಬ್ಲೇಡು ತೂರಿಸಿದ. ಅರಗು ಪುಡಿಯಾಗಿ ಉದುರಿತು. ಒಂದೊಂದೇ ಸಾಲು ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಿದ. ಒಬ್ಬ ತಂದೆ ದೂರದ ಊರಿನಲ್ಲಿದ್ದ ಮಗನಿಗೆ ಬರೆದದ್ದು. ನಿನ್ನ ತಾಯಿ ತೀರಿಕೊಂಡಳು. ಹೊರಗೆ ಗಾಡಿ ಸದ್ದಾದಾಗಲೆಲ್ಲ ನೀನು ಬಂದೆಯಾ ಎಂದು ಕೇಳುತ್ತಿದ್ದಳು. ಇನ್ನು ಆತುರವಿಲ್ಲ, ದಾರಿ ಕೆಟ್ಟಿದೆ, ಚಳಿ ಕಳೆದ ಮೇಲೆ ಬಾ.

"ಆ ಮಗನಿಗೆ ಗೊತ್ತಾಗಲೇ ಇಲ್ವಾ?" ಎಂದಳು ಅಜ್ಜಿ.

"ಕಾಗದಾನೇ ಬಿಡಿಸ್ಕೊಂಡಿಲ್ಲ."

"ಅದಕ್ಕೇ ಕೇಳ್ತಾವ್ನೆ. ಹೇಳು ಅವನಿಗೆ. ನಂಗೆ ಅವನ ಮಾತು ಬರಾಕಿಲ್ಲ."

ಚಿಕ್ಕಪ್ಪ ನನ್ನ ಮುಖ ನೋಡಿದ. ನಗಬೇಕೋ ಬೇಡವೋ ನನಗೂ ತಿಳಿಯಲಿಲ್ಲ. ಕೊನೆಗೆ ಅವನು ಎದ್ದು ನಿಂತು, ಕತ್ತಲೆಗಟ್ಟಿದ ನಡುಮನೆಯ ಕಡೆ ತಿರುಗಿ, ನಿನ್ನ ತಾಯಿ ತೀರಿಕೊಂಡರಪ್ಪ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅರ್ಧಕ್ಕೇ ಅವನ ದನಿ ಒಡೆಯಿತು. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಯಾರೋ ಕೇಳಿಸಿಕೊಂಡು ಸುಮ್ಮನಾದ ಹಾಗಿತ್ತು.

ಆಮೇಲೆ ಚಿಕ್ಕಪ್ಪ, ಯಾರೂ ಹೇಳದೆಯೇ, ಆ ಕಾಗದವನ್ನು ಹರಿದು ಹಿತ್ತಲ ತೆಂಗಿನ ಬುಡಕ್ಕೆ ಹಾಕಿದ. ಮೂವರೂ ತಲೆಗೆ ತಣ್ಣೀರು ಹಾಕಿಕೊಂಡೆವು. ಪೋಸ್ಟ್‌ಮ್ಯಾನಿಗೆ ಮತ್ತೆ ಆ ದನಿ ಕೇಳಲಿಲ್ಲ. ವಿಷಯ ತಿಳಿದ ಅಮೆರಿಕದ ಮೇಷ್ಟ್ರು ಮಾತ್ರ ಕಾಗದ ಬರೆಯುವುದನ್ನೇ ನಿಲ್ಲಿಸಿದರು.

ಕೆಲವು ವರ್ಷ ಕಳೆದು ನಾನು ಹುಳಿಯಾರಿನಲ್ಲಿ ಟೀಚರಾಗಿದ್ದೆ. ಒಂದು ದಿನ ಸ್ಕೂಲಿನ ಮುಂದೆ ಚಿಕ್ಕಪ್ಪ ಸೈಕಲ್ ಹಿಡಿದು ನಿಂತಿದ್ದ. ತಿಪಟೂರಿನಿಂದ ಅಲ್ಲಿಯವರೆಗೆ ತುಳಿದುಕೊಂಡು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಕೊಟ್ಟ ನೀರು ಕುಡಿದ. ಎಂದೂ ಮುಟ್ಟಿ ಮಾತಾಡಿಸದವನು ನನ್ನ ತಲೆಯ ಮೇಲೆ ಕೈಯಿಟ್ಟ. ಅಷ್ಟರಲ್ಲೇ ಅಜ್ಜಿ ಇಲ್ಲವೆಂದು ನನಗೆ ತಿಳಿಯಿತು.

"ಟೆಲಿಗ್ರಾಂ ಕೊಡಬೋದಿತ್ತಲ್ಲ ಚಿಕ್ಕಪ್ಪ," ಎಂದೆ ಅಳುತ್ತಾ.

"ಅದು ನಿಂಗೆ ಸೇರ್ತೋ ಇಲ್ವೋ ಅಂತ ನಾನು ಯಾರನ್ನ ಕೇಳ್ಲಿ ಕಣವ್ವ?"

ನನ್ನನ್ನು ತಿಪಟೂರಿನ ಬಸ್ಸಿಗೆ ಹತ್ತಿಸಿದ. ಮಣ್ಣು ಮಾಡುವುದು ನಾಳೆ, ಮುಖ ನೋಡಬಹುದು ಎಂದ. ನೀನೂ ಬಾ ಎಂದರೆ, ಹಂದನಕೆರೆಯ ನೆಂಟರಿಗೆ ಇನ್ನೂ ಹೇಳಬೇಕು ಎಂದು ಸೈಕಲ್ ತಿರುಗಿಸಿದ. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, ಎದುರುಗಾಳಿಗೆ ಬಗ್ಗಿ ತುಳಿಯುತ್ತಿದ್ದ.